ಒಂದೇ ಗಂಟೆಗೆ ಇಷ್ಟು ಸುಸ್ತೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳು ಮಾರ್ಚ್‌ನಲ್ಲಿ ಗಡಿಯಾರ ಮುಂದಿಟ್ಟ ಮೇಲೆ ವಾರವಿಡೀ ಸುಸ್ತು ಎನ್ನುತ್ತಾಳೆ. ಒಂದೇ ಗಂಟೆಗೆ ಹೀಗಾಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ ನೇರ 3ಕ್ಕೆ ಜಿಗಿಯುತ್ತದೆ. ಸೋಮವಾರ 6ಕ್ಕೆ ಅಲಾರಂ ಹೊಡೆದಾಗ ಮೈಗೆ ಅದಿನ್ನೂ 5 ಗಂಟೆ, ಕಿಟಕಿಯಾಚೆ ಕತ್ತಲೆ. ಮಕ್ಕಳನ್ನು ಎಬ್ಬಿಸಿ ಶಾಲೆಯ ಬಸ್ಸು ಹತ್ತಿಸಬೇಕಾದವರ ಪಾಡಂತೂ ಬೇಡ.

ಮಿದುಳಿನಲ್ಲಿ, ಎರಡೂ ಕಣ್ಣಿನ ನರಗಳು ಸೇರುವ ಜಾಗದ ತುಸು ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಜೀವಕೋಶಗಳ ಗುಂಪಿದೆ. ನಿದ್ದೆ, ಎಚ್ಚರ, ಮೈಬಿಸಿ ಎಲ್ಲವನ್ನೂ ದಿನದ ಲಯಕ್ಕೆ ಕೂಡಿಸುವುದು ಅದೇ. ಬೆಳಕು ನೋಡಿಯೇ ಅದು ಹೊತ್ತು ತಿಳಿಯುತ್ತದೆ. ಬಹುತೇಕರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ. ಹಾಗಾಗಿ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ನವೆಂಬರ್‌ನಲ್ಲಿ ಗಡಿಯಾರ ಹಿಂದಿಟ್ಟಾಗ ಇಷ್ಟು ತೊಂದರೆಯಾಗದಿರಲು ಇದೂ ಕಾರಣ.

ಆ ಭಾನುವಾರಕ್ಕೆ ನಾಲ್ಕು ದಿನ ಮೊದಲಿಂದಲೇ ದಿನಕ್ಕೆ 15 ನಿಮಿಷ ಬೇಗ ಮಲಗಿ, ಬೇಗ ಏಳಲಿ. ಬೆಳಕಾದೊಡನೆ ಹೊರಗೆ ಓಡಾಡುವುದು ಎಲ್ಲಕ್ಕಿಂತ ಮುಖ್ಯ. ಮುಂಜಾನೆಯ ಬೆಳಕು ಒಳಗಿನ ಗಡಿಯಾರವನ್ನು ಮುಂದೆ ತಳ್ಳುತ್ತದೆ, ರಾತ್ರಿಯ ಮೊಬೈಲ್ ಬೆಳಕು ಹಿಂದಕ್ಕೆಳೆಯುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮೊದಲ ಎರಡು ಮೂರು ದಿನ ಕಾರು ಓಡಿಸುವಾಗ ಹೆಚ್ಚು ಎಚ್ಚರವಿರಲಿ.

ನಿಮಗೂ ಒಂದು ಲೆಕ್ಕ: ನಮಗೂ ಅವರಿಗೂ ಇರುವ ಅಂತರ ಹತ್ತೂವರೆಯಿಂದ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ ಏಳೂವರೆಗೆ ನೀವು ಫೋನ್ ಮಾಡಿದರೆ ಈವರೆಗೆ ಅಲ್ಲಿ ರಾತ್ರಿ ಒಂಬತ್ತು, ಇನ್ನು ಹತ್ತು. ಆ ವಾರವಾದರೂ ಆರೂವರೆಗೇ ಮಾತಾಡಿಸಿಬಿಡಿ.