ಹಂಚಿಕೆಯೂ ನ್ಯಾಯವೂ

ಸಾಗರದಿಂದ ಸಿಗಂದೂರಿಗೆ ಹೋಗುವವರು ಹಿಂದೆ ಅಂಬಾರಗೋಡ್ಲಿನ ದಂಡೆಯಲ್ಲಿ ಲಾಂಚಿಗಾಗಿ ಕಾಯಬೇಕಾಗಿತ್ತು. ಹಲವು ವರ್ಷಗಳ ಹಿಂದೆ ಹಾಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಶರಾವತಿಯ ಹಿನ್ನೀರಿನತ್ತ ಕೈತೋರಿ, “ನಮ್ಮ ಮನೆ ಆ ನೀರಿನಡಿಗಿದೆ” ಎಂದರು. ಪರಿಹಾರ ದೊರೆಯಲಿಲ್ಲವೆ ಎಂದು ಕೇಳಿದೆ. “ದುಡ್ಡು ಕೊಟ್ರು ಮಾರಾಯ್ರೆ. ಆದ್ರೆ ‘ಹೋಗ್ತೀರಾ?’ ಅಂತ ಯಾರೂ ಕೇಳ್ಲಿಲ್ಲ, ‘ಯಾವಾಗ ಹೋಗ್ತೀರಿ?’ ಅಂತಲೇ ಕೇಳಿದ್ದು” ಎಂದರು. ಆ ಎರಡು ಪ್ರಶ್ನೆಗಳ ನಡುವಣ ಅಂತರ ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಲಾಭವನ್ನೂ ಭಾರವನ್ನೂ ನ್ಯಾಯವಾಗಿ ಹಂಚಿದ ಮಾತ್ರಕ್ಕೆ ಸಮಾಜ ನ್ಯಾಯಶೀಲವಾಗುವುದೆ? ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅಸಮಾನತೆ ಇರಲೇಬೇಕಾದರೆ ಅದು ಎಲ್ಲರಿಗಿಂತ ಕೆಳಗಿರುವವರ ಹಿತವನ್ನು ಹೆಚ್ಚಿಸುವಂತಿರಬೇಕೆಂದು ವಾದಿಸಿದರು. ಈ ಅಳತೆಗೋಲನ್ನು ಶರಾವತಿಯ ದಂಡೆಯಲ್ಲಿ ಹಿಡಿದು ನೋಡಬಹುದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಜಲಾಶಯದ ಸಾಮರ್ಥ್ಯ ಸುಮಾರು 151 ಟಿ.ಎಂ.ಸಿ.; ಆ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ನಾಡಿನ ಕಾರ್ಖಾನೆಗಳು ನಡೆದವು, ನಗರಗಳು ಬೆಳಗಿದವು. ಬಾಲ್ಯದಲ್ಲಿ ನಾನು ಪಾಠ ಓದಿದ್ದೂ ಆ ಬೆಳಕಿನಲ್ಲಿಯೆ. ಅದನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ಭಾರ ಹೊತ್ತವರಾರು? ಅಡಕೆಯ ತೋಟ, ಗದ್ದೆ, ಮನೆಗಳನ್ನು ನೀರಿಗೊಪ್ಪಿಸಿ ಎದ್ದವರಲ್ಲಿ ಎಷ್ಟೋ ಕುಟುಂಬಗಳಿಗೆ ಕಾಡಿನ ನೆಲ ತೋರಿಸಲಾಯಿತು. ಆ ನೆಲದ ಹಕ್ಕುಪತ್ರದ ಅಲೆದಾಟ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯಿತು. ಹಿನ್ನೀರಿನಿಂದ ದ್ವೀಪದಂತಾದ ತುಮರಿಯ ಕಡೆಯವರಿಗೆ ಸೇತುವೆ ದೊರೆತದ್ದು 2025ರಲ್ಲಿ. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳು ಈ ನೋವಿನಿಂದಲೇ ಹುಟ್ಟಿದ ಕೃತಿಗಳು.

ಪರಿಹಾರ ಧಾರಾಳವಾಗಿ, ಹಕ್ಕುಪತ್ರ ಸಕಾಲಕ್ಕೆ, ಸೇತುವೆ ಅಣೆಕಟ್ಟಿನೊಡನೆಯೆ ದೊರೆತಿದ್ದರೆ ನ್ಯಾಯ ಪೂರ್ಣವಾಗುತ್ತಿತ್ತೆ? ಬಹುಮಟ್ಟಿಗೆ ಆಗುತ್ತಿತ್ತು. ಅಷ್ಟನ್ನೂ ಮಾಡದೆ ಹೋದದ್ದು ನಮ್ಮ ಮೊದಲ ತಪ್ಪು. ಆದರೂ ಆ ವೃದ್ಧರ ಮಾತು ಉಳಿಯುತ್ತದೆ. ಹಂಚುವವನು ಎಷ್ಟೇ ಧರ್ಮಿಷ್ಠನಾಗಿರಲಿ, ಪಾಲು ಪಡೆಯುವವನಿಗೆ ಬಾಯಿಲ್ಲವಾದರೆ ಅದು ದಾನವಾದೀತು, ನ್ಯಾಯವಾಗಲಾರದು.

1894ರ ಭೂಸ್ವಾಧೀನ ಕಾಯಿದೆಯಲ್ಲಿ ಭೂಮಿಯ ಒಡೆಯನ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. 2013ರ ಕಾಯಿದೆ ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಶೇಕಡಾ 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕೆಂದಿತು. ಸರಕಾರ ತನ್ನದೇ ಯೋಜನೆಗಳಿಗಾಗಿ ಪಡೆಯುವಾಗ ಈ ಒಪ್ಪಿಗೆಯನ್ನು ವಿಧಿಸಲಿಲ್ಲ. ಲಿಂಗನಮಕ್ಕಿಯಂಥ ಅಣೆಕಟ್ಟು ಏಳುವುದಾದರೆ, ವೃದ್ಧರ ಮೊದಲ ಪ್ರಶ್ನೆಯನ್ನು ಕೇಳಲೇಬೇಕೆಂಬ ಕಟ್ಟಳೆ ಆ ಕಾಯಿದೆಯಲ್ಲಿಲ್ಲ.

ಪ್ರತಿಯೊಬ್ಬನನ್ನೂ ಕೇಳುತ್ತ ಕುಳಿತರೆ ನಾಡು ಮುಂದುವರಿಯುವುದೆಂತು ಎನ್ನಬಹುದು. ಈ ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಕೇಳುವುದೆಂದರೆ ಒಬ್ಬನ ಹಟಕ್ಕೆ ಎಲ್ಲರೂ ಮಣಿಯುವುದೆಂದಲ್ಲ. ಯಾವ ನೆಲ ಉಳುಮೆಗೆ ಒದಗೀತು, ಯಾವ ದಾರಿ ಕಡಿದುಹೋದೀತು ಎಂಬುದನ್ನು ಅಲ್ಲಿ ಬಾಳಿದವರೇ ಬಲ್ಲರು. ಅವರನ್ನು ಕೂರಿಸಿಕೊಂಡು ಮಾತಾಡಿದ್ದರೆ ಸೇತುವೆಯ ಮಾತು ಅಂದೇ ಬರುತ್ತಿತ್ತು.

ಮುಳುಗಡೆಯವರ ತ್ಯಾಗದಿಂದ ನಾಡು ಬೆಳಗಿತೆಂದು ನಾವು ಸಭೆಗಳಲ್ಲಿ ಹೊಗಳುತ್ತೇವೆ. ಕೇಳದೆ ತೆಗೆದುಕೊಂಡುದನ್ನು ತ್ಯಾಗವೆನ್ನಲು ನನಗೀಗ ನಾಲಗೆ ಏಳುವುದಿಲ್ಲ.