ಏಳು ಸಾವಿರ ತಲೆ, ಒಂದೇ ಒಗಟು

2001ರಲ್ಲಿ ಇಂಟರ್ನೆಟ್‌ನಲ್ಲಿ ಒಂದು ವಿಚಿತ್ರ ಆಟ ನಡೆಯಿತು. ಅದರ ಒಗಟುಗಳನ್ನು ಬಿಡಿಸಲು ಮೋರ್ಸ್ ಕೋಡ್ ಗೊತ್ತಿರಬೇಕಿತ್ತು, ಎರಡನೇ ಮಹಾಯುದ್ಧದ ಎನಿಗ್ಮಾ ಸಂಕೇತ ಗೊತ್ತಿರಬೇಕಿತ್ತು, ಫೋಟೋ ಮತ್ತು ಆಡಿಯೋ ಫೈಲ್‌ಗಳನ್ನು ಬಿಚ್ಚಿ ನೋಡೋಕೆ ಬರಬೇಕಿತ್ತು. ಜರ್ಮನ್ ಬೇಕಿತ್ತು, ಜಪಾನಿ ಬೇಕಿತ್ತು. ಜೊತೆಗೆ ಕನ್ನಡವೂ ಬೇಕಿತ್ತು! ಹೌದು, ನಮ್ಮ ಕನ್ನಡವೇ. ಆಗಿನ ಒಂದು ಅಮೆರಿಕನ್ ಸುದ್ದಿ ವರದಿ ಅದನ್ನು ಯಾರೂ ಅಷ್ಟಾಗಿ ಕೇಳಿರದ ಭಾಷೆ ಎನ್ನುವ ಧಾಟಿಯಲ್ಲಿ ಹೆಸರಿಸಿತ್ತು. ಕೋಟಿಗಟ್ಟಲೆ ಜನ ಮಾತಾಡೋ ಭಾಷೆಗೆ ಹೀಗನ್ನೋದಾ ಅಂತ ಸ್ವಲ್ಪ ಸಿಟ್ಟು ಬರೋದು ಸಹಜ. ಆದ್ರೆ ಅದನ್ನು ಪಕ್ಕಕ್ಕಿಟ್ಟು ನೋಡಿ. ಇಷ್ಟೆಲ್ಲ ಒಬ್ಬನಿಗೇ ಗೊತ್ತಿರೋದು ಸಾಧ್ಯವಾ? ಆದರೂ ಒಗಟುಗಳು ಬಿಡಿಸಿಕೊಂಡವು, ಅದೂ ಮಾಡಿದವರೇ ಬೆಚ್ಚಿಬೀಳುವಷ್ಟು ಬೇಗ. ಅದು ಹೇಗಾಯ್ತು, ಅದರಿಂದ ನಾವು ಏನು ಕಲೀಬಹುದು, ಎಲ್ಲಿ ಎಚ್ಚರದಿಂದ ಇರಬೇಕು ಅನ್ನೋದೇ ಈ ಲೇಖನ.

ಎಆರ್‌ಜಿ ಅಂದ್ರೆ ಏನು?

ಆಲ್ಟರ್ನೇಟ್ ರಿಯಾಲಿಟಿ ಗೇಮ್, ಚಿಕ್ಕದಾಗಿ ಎಆರ್‌ಜಿ. ಇದಕ್ಕೆ ಇನ್‌ಸ್ಟಾಲ್ ಮಾಡೋ ಫೈಲ್ ಇಲ್ಲ, 'ಸ್ಟಾರ್ಟ್' ಬಟನ್ ಇಲ್ಲ, ನಿಯಮ ಪುಸ್ತಕವೂ ಇಲ್ಲ. ಒಂದು ಕಥೆಯನ್ನು ಚೂರು ಚೂರು ಮಾಡಿ ನಮ್ಮ ದಿನನಿತ್ಯದ ಜಗತ್ತಿನಲ್ಲೇ ಅಡಗಿಸಿಡ್ತಾರೆ: ವೆಬ್‌ಸೈಟು, ಇಮೇಲು, ಫೋನ್ ನಂಬರು, ಪೋಸ್ಟರು, ಪತ್ರಿಕೆಯ ಜಾಹೀರಾತು. ಮೊದಲ ಸುಳಿವಿಗೆ ಆಟಗಾರರು 'ಮೊಲದ ಬಿಲ' ಅಂತಾರೆ. ಅದರೊಳಗೆ ಕಾಲಿಟ್ಟರೆ ಜಾರುತ್ತಾ ಹೋಗೋದೇ. ಆಟ ನಡೆಸುವವರಿಗೆ 'ಪಪೆಟ್ ಮಾಸ್ಟರ್' ಅಂತ ಹೆಸರು. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತೆ: ಪರದೆಯ ಹಿಂದೆ ಕೂತ ಸೂತ್ರಧಾರ. ಅವನು ಪರದೆಯ ಮುಂದೆ ಬರೋ ಹಾಗಿಲ್ಲ. 'ಇದು ಆಟ ಅಲ್ಲ' ಅಂತಲೇ ಆಟ ಕೊನೆಯವರೆಗೂ ನಟಿಸಬೇಕು.

ಒಂದು ಸಿನಿಮಾ ಪೋಸ್ಟರ್‌ನಿಂದ ಶುರು

ಮೇಲೆ ಹೇಳಿದ 2001ರ ಆಟವನ್ನು ಈಗ 'ದಿ ಬೀಸ್ಟ್' ಅಂತ ಕರೀತಾರೆ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ 'ಎ.ಐ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಸಿನಿಮಾದ ಪ್ರಚಾರಕ್ಕಾಗಿ ಮೈಕ್ರೋಸಾಫ್ಟ್‌ನ ಒಂದು ಸಣ್ಣ ತಂಡ ಇದನ್ನು ಮಾಡಿತ್ತು. ಜೋರ್ಡನ್ ವೈಸ್‌ಮನ್, ಎಲಾನ್ ಲೀ ಮತ್ತು ಕಥೆ ಬರೆದ ಷಾನ್ ಸ್ಟೂವರ್ಟ್ ಅದರ ಮುಖ್ಯ ಹೆಸರುಗಳು.

ಮೊಲದ ಬಿಲ ಎಲ್ಲಿತ್ತು ಗೊತ್ತಾ? ಸಿನಿಮಾ ಟ್ರೇಲರ್‌ನ ಕೊನೆಯಲ್ಲಿ, ನಾವ್ಯಾರೂ ಓದದ ಹೆಸರುಗಳ ಪಟ್ಟಿಯಲ್ಲಿ. ಅಲ್ಲಿ ಜನೀನ್ ಸಲ್ಲಾ ಎಂಬ ಹೆಸರಿನ ಮುಂದೆ 'ಪ್ರಜ್ಞೆಯುಳ್ಳ ಯಂತ್ರಗಳ ಚಿಕಿತ್ಸಕಿ' ಅನ್ನೋ ಅರ್ಥದ ಹುದ್ದೆ ಇತ್ತು. ಇಂಥ ಕೆಲಸವೂ ಇದೆಯಾ ಅಂತ ಕುತೂಹಲದಿಂದ ಆ ಹೆಸರನ್ನು ಹುಡುಕಿದವರಿಗೆ 2142ನೇ ಇಸವಿಯ ವೆಬ್‌ಸೈಟುಗಳು ಎದುರಾದವು. ಅಲ್ಲೊಂದು ಕೊಲೆ ನಡೆದಿತ್ತು. ಇನ್ನೂ ಕೆಲವರು 'ಸಮ್ಮರ್ 2001' ಎಂಬ ಅಕ್ಷರಗಳ ಮೇಲೆ ಸಣ್ಣ ಸಣ್ಣ ಗೀರುಗಳಿರೋದನ್ನು ಗಮನಿಸಿದರು. ಪ್ರತಿ ಅಕ್ಷರದ ಗೀರುಗಳನ್ನು ಎಣಿಸಿದರೆ ಒಂದು ಫೋನ್ ನಂಬರ್! ಅದಕ್ಕೆ ಫೋನ್ ಮಾಡಿದ್ರೆ ಕಥೆ ಮುಂದುವರೀತಿತ್ತು.

2001ರ ಏಪ್ರಿಲ್ 11ರಂದು ಕೇಬಲ್ ಸ್ಯಾಸರ್ ಅನ್ನೋ ಯುವಕ ಇದರ ಬಗ್ಗೆ ಮಾತಾಡೋಕೆ ಒಂದು ಯಾಹೂ ಗ್ರೂಪ್ ತೆರೆದ. ಹೆಸರು 'ಕ್ಲೌಡ್‌ಮೇಕರ್ಸ್'; ಕಥೆಯಲ್ಲಿ ಕೊಲೆಯಾದವನ ದೋಣಿಯ ಹೆಸರಿನಿಂದ ತೆಗೆದುಕೊಂಡದ್ದು. ಆಟ ಮುಗಿಯೋ ಹೊತ್ತಿಗೆ ಅದರಲ್ಲಿ 7,000ಕ್ಕೂ ಹೆಚ್ಚು ಸದಸ್ಯರಿದ್ದರು, 40,000ಕ್ಕೂ ಹೆಚ್ಚು ಸಂದೇಶಗಳಿದ್ದವು. ಇದೆಲ್ಲ ಮೂರೇ ಮೂರು ತಿಂಗಳಲ್ಲಿ. ವಾಟ್ಸಾಪ್ ಇರಲಿಲ್ಲ, ಡಿಸ್ಕಾರ್ಡ್ ಇರಲಿಲ್ಲ, ಗೂಗಲ್ ಡಾಕ್ಸ್ ಇರಲಿಲ್ಲ ಅನ್ನೋದು ನೆನಪಿರಲಿ.

ಆಟ ಮಾಡಿದವರು ಒಗಟುಗಳನ್ನು ಲೆಕ್ಕ ಹಾಕಿಯೇ ಜೋಡಿಸಿದ್ದರು: ಇವು ಒಂದೇ ದಿನದಲ್ಲಿ ಆಗುವಂಥವು, ಇವಕ್ಕೆ ವಾರಗಟ್ಟಲೆ ಬೇಕು, ಇವು ಯಾರಿಗೂ ಆಗಲ್ಲ ಅಂತ. ಮೂರು ತಿಂಗಳಿಗೆ ಸಾಕು ಅಂದುಕೊಂಡಿದ್ದನ್ನು ಆಟಗಾರರು ಮೊದಲ ದಿನವೇ ಮುಗಿಸಿಬಿಟ್ಟರು. ಅಲ್ಲಿಂದ ಮುಂದೆ ಸೂತ್ರಧಾರರಿಗೆ ನಿದ್ದೆಯಿಲ್ಲ. ಆಟಗಾರರ ಚರ್ಚೆಯನ್ನು ಓದುತ್ತಾ, ಅದಕ್ಕೆ ತಕ್ಕಂತೆ ಹೊಸ ಕಥೆ, ಹೊಸ ಒಗಟು ಬರೀತಾ ಓಡಬೇಕಾಯ್ತು.

ಗುಂಪು ಕೆಲಸ ಮಾಡಿದ್ದು ಹೇಗೆ?

'ಜನ ಜಾಸ್ತಿ ಇದ್ದರು, ಅದಕ್ಕೇ ಆಯ್ತು' ಅಂದ್ರೆ ಪೂರ್ತಿ ಉತ್ತರ ಆಗಲ್ಲ. ನಮ್ಮ ಗ್ರೂಪ್ ಪ್ರಾಜೆಕ್ಟುಗಳನ್ನೇ ನೋಡಿ: ನಾಲ್ಕು ಜನ ಇದ್ದರೂ ಕೆಲಸ ಮಾಡೋನು ಒಬ್ಬ, ಹೆಸರು ಹಾಕಿಸಿಕೊಳ್ಳೋರು ಮೂವರು. ಹಾಗಾದ್ರೆ ಇಲ್ಲಿ ಏನು ಬೇರೆ ಇತ್ತು? ನಮಗೆ ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ಹುಡುಕಾಟ ಸಮಾನಾಂತರವಾಗಿ ನಡೀತಿತ್ತು. ಯಾರಿಗೂ ಯಾರೂ ಕೆಲಸ ಹಂಚಲಿಲ್ಲ. ಸಂಗೀತ ಗೊತ್ತಿದ್ದವರು ಸ್ವರಲಿಪಿ ನೋಡಿದರು, ಪ್ರೋಗ್ರಾಂ ಬರೆಯೋರು ಸೋರ್ಸ್ ಕೋಡ್ ತೆರೆದರು, ಭಾಷೆ ಬಲ್ಲವರು ಅನುವಾದ ಮಾಡಿದರು. ಇಡೀ ಗುಂಪಿನಲ್ಲಿ ಒಬ್ಬರಿಗೆ ಕನ್ನಡ ಬಂದರೆ ಸಾಕು, ಏಳು ಸಾವಿರ ಜನಕ್ಕೂ ಕನ್ನಡ ಬಂದಂತೆಯೇ. ಬೇರೆ ದಿನ ಯಾರೂ ಕೇಳದ ಒಂದು ವಿದ್ಯೆ ಆ ದಿನ ಎಲ್ಲರಿಗಿಂತ ಮುಖ್ಯ ಆಗುತ್ತೆ.

ಎರಡನೆಯದು, ಉತ್ತರ ಸರಿಯೋ ತಪ್ಪೋ ಅಂತ ನೋಡೋದು ಸುಲಭ ಇತ್ತು. ಅಲ್ಗಾರಿದಮ್ ಕ್ಲಾಸಿನಲ್ಲಿ ಕೇಳಿರ್ತೀವಿ: ಕೆಲವು ಸಮಸ್ಯೆಗಳಲ್ಲಿ ಉತ್ತರ ಹುಡುಕೋದು ಕಷ್ಟ, ಕೊಟ್ಟ ಉತ್ತರವನ್ನು ಪರೀಕ್ಷಿಸೋದು ಸುಲಭ. ಸುಡೊಕು ಹಾಗೆ. ಎಆರ್‌ಜಿ ಕೂಡ ಹಾಗೇ. ಪಾಸ್‌ವರ್ಡ್ ಸರಿ ಇದ್ರೆ ಪುಟ ತೆರೆಯುತ್ತೆ, ಇಲ್ಲಾಂದ್ರೆ ಇಲ್ಲ. ಹೀಗಾಗಿ ನೂರು ಜನ ನೂರು ತಪ್ಪು ಊಹೆ ಮಾಡಿದರೂ ನಷ್ಟ ಇಲ್ಲ. ನೂರಾ ಒಂದನೆಯದು ಸರಿಯಾದರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತೆ. ವಾದ ಮಾಡಿ ಗೆಲ್ಲಬೇಕಾದ ಅಗತ್ಯವೇ ಇಲ್ಲ.

ಮೂರನೆಯದು, ದಾಖಲೆ. ಇದು ಬೇಜಾರಿನ ಕೆಲಸ, ಆದ್ರೆ ಇದಿಲ್ಲದಿದ್ದರೆ ಉಳಿದದ್ದೆಲ್ಲ ಕುಸೀತಿತ್ತು. 40,000 ಸಂದೇಶಗಳನ್ನು ಹೊಸಬರು ಓದೋಕಾಗುತ್ತಾ? ಅದಕ್ಕೆ ಕ್ಲೌಡ್‌ಮೇಕರ್ಸ್ ಎರಡು ದಾಖಲೆ ಇಟ್ಟುಕೊಂಡಿತ್ತು. 'ಟ್ರೇಲ್' ಅನ್ನೋದು ಇದುವರೆಗೆ ಸಿಕ್ಕ ಸುಳಿವು ಮತ್ತು ಉತ್ತರಗಳ ಪಟ್ಟಿ. 'ಗೈಡ್' ಅನ್ನೋದು ಅದೇ ವಿಷಯವನ್ನು ಕಥೆಯಂತೆ, ಮೊದಲಿನಿಂದ ಬಿಡಿಸಿ ಹೇಳಿದ ಬರಹ. ಗೈಡ್ ಬರೆದ ಏಡ್ರಿಯನ್ ಹಾನ್ ಆಗಿನ್ನೂ ಬ್ರಿಟನ್ನಿನಲ್ಲಿ ಓದುತ್ತಿದ್ದ ಹುಡುಗ. ಮುಂದೆ ಅವರೇ ದೊಡ್ಡ ಗೇಮ್ ಡಿಸೈನರ್ ಆದರು, 'ಝಾಂಬೀಸ್, ರನ್!' ಅವರ ಕಂಪನಿಯದ್ದೇ. ಡಾಕ್ಯುಮೆಂಟೇಷನ್ ಬರೆಯೋನು ಪ್ರಾಜೆಕ್ಟಿನಲ್ಲಿ ಕಡೆಯವನು ಅಂದುಕೊಳ್ಳೋರಿಗೆ ಇದೊಂದು ಉದಾಹರಣೆ.

ಜೇನುತುಪ್ಪ ಮತ್ತು 210 ಜಾಗಗಳು

2004ರಲ್ಲಿ 'ಹೇಲೋ 2' ವಿಡಿಯೋ ಗೇಮ್ ಬರುವ ಮುಂಚೆ ಇನ್ನೊಂದು ಆಟ ಬಂತು: 'ಐ ಲವ್ ಬೀಸ್'. ಮಾಡಿದ್ದು '42 ಎಂಟರ್‌ಟೇನ್‌ಮೆಂಟ್', ಅದರಲ್ಲಿ ಬೀಸ್ಟ್ ತಂಡದವರೂ ಇದ್ದರು. ಹಳೆಯ ಎಆರ್‌ಜಿ ಆಟಗಾರರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ಜೇನುತುಪ್ಪದ ಜಾಡಿ ಬಂತು. ಅದೇ ಹೊತ್ತಿಗೆ ಹೇಲೋ ಟ್ರೇಲರ್‌ನ ಕೊನೆಯಲ್ಲಿ 'ಐ ಲವ್ ಬೀಸ್ ಡಾಟ್ ಕಾಮ್' ಅನ್ನೋ ವಿಳಾಸ ಕ್ಷಣಮಾತ್ರ ಮಿಂಚಿ ಹೋಯ್ತು. ಹೋಗಿ ನೋಡಿದ್ರೆ ಒಬ್ಬ ಜೇನುಸಾಕಣೆಗಾರ್ತಿಯ ವೆಬ್‌ಸೈಟು, ಅದೂ ಕೆಟ್ಟು ಕೂತಿತ್ತು. ಕಥೆಯ ಪ್ರಕಾರ ಭವಿಷ್ಯದ ಒಂದು ಎಐ ಅದರ ಸರ್ವರ್‌ನೊಳಗೆ ಬಂದು ಸಿಕ್ಕಿಕೊಂಡಿತ್ತು.

ಸೈಟಿನಲ್ಲಿ 210 ಜೋಡಿ ಜಿಪಿಎಸ್ ಅಂಕಿಗಳು ಮತ್ತು ಒಂದೊಂದಕ್ಕೂ ಒಂದು ಸಮಯ ಇತ್ತು. ಅಷ್ಟೇ. ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಜನ ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಅಂಕಿಗಳನ್ನು ಸಂಕೇತ ಅಂದರು, ನಕ್ಷೆಯಲ್ಲಿ ಗೆರೆ ಎಳೆದರು. ಕೊನೆಗೆ ಕೆಲಸಕ್ಕೆ ಬಂದದ್ದು ಅತಿ ಸರಳ ಉಪಾಯ: ಆ ಜಾಗಕ್ಕೇ ಹೋಗಿ ಫೋಟೋ ತೆಗೆದು ಹಾಕೋದು. ಬೇರೆ ಬೇರೆ ಊರಿನ ಫೋಟೋಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ ಎಲ್ಲದರಲ್ಲೂ ಒಂದು ವಸ್ತು ಸಮಾನವಾಗಿತ್ತು: ಪೇ ಫೋನ್. ನಮ್ಮ ಹಿಂದಿನವರು ಒಂದು ರೂಪಾಯಿ ನಾಣ್ಯ ಹಾಕಿ ಮಾತಾಡ್ತಿದ್ದ ಕಾಯಿನ್ ಬೂತ್ ಇದೆಯಲ್ಲ, ಆ ಜಾತಿಯದ್ದು. ಆಗಸ್ಟ್ 24ರಂದು, ಹೇಳಿದ ಸಮಯಕ್ಕೆ, ಆ ಫೋನುಗಳು ರಿಂಗಾದವು.

ಪ್ರತಿ ಫೋನ್ ಎತ್ತಿದಾಗ ಒಂದು ರೇಡಿಯೋ ನಾಟಕದ ಒಂದೊಂದು ತುಣುಕು ಎಲ್ಲರಿಗೂ ತೆರೆದುಕೊಳ್ತಿತ್ತು. ಒಂದು ಊರಿನಲ್ಲಿ ಯಾರೂ ಇಲ್ಲದಿದ್ರೆ ಕಥೆಯಲ್ಲಿ ಅಷ್ಟು ತೂತು. ಹೀಗಾಗಿ ಎಲ್ಲಿ ಯಾರು ಇದ್ದಾರೆ, ಯಾರ ಹತ್ತಿರ ಕಾರು ಇದೆ ಅನ್ನೋ ಲೆಕ್ಕವನ್ನು ಗುಂಪೇ ಇಟ್ಟುಕೊಂಡಿತು. ಫ್ಲೋರಿಡಾದಲ್ಲಿ ಒಬ್ಬ ಚಂಡಮಾರುತ ಬರ್ತಿದ್ರೂ ಬಿಡದೆ ಫೋನಿನ ಪಕ್ಕ ನಿಂತಿದ್ದ. (ಇದು ಮಾದರಿ ಅಂತ ಹೇಳ್ತಿಲ್ಲ, ದಯವಿಟ್ಟು ಮನೆಯೊಳಗಿರಿ.) ಕೊನೆಕೊನೆಗೆ ಒಂದು ಫೋನಿನಲ್ಲಿ ಹೇಳಿದ್ದನ್ನು ದೇಶದ ಇನ್ನೊಂದು ಮೂಲೆಯ ಫೋನಿನಲ್ಲಿ ಸೆಕೆಂಡುಗಳೊಳಗೆ ತಿರುಗಿ ಹೇಳಬೇಕಾಯ್ತು. ಅಂದ್ರೆ ಒಗಟು ಪರೀಕ್ಷಿಸ್ತಿದ್ದದ್ದು ಯಾರ ಬುದ್ಧಿಯನ್ನೂ ಅಲ್ಲ, ಗುಂಪಿನ ನೆಟ್‌ವರ್ಕನ್ನು.

ಗುಂಪಿಗೂ ಬಗ್ಗದ್ದು

ಜನ ಸೇರಿದರೆ ಎಲ್ಲವೂ ಆಗುತ್ತೆ ಅಂತೇನಿಲ್ಲ. ಲಂಡನ್ನಿನ ಮೈಂಡ್ ಕ್ಯಾಂಡಿ ಕಂಪನಿ 2005ರಲ್ಲಿ ಶುರು ಮಾಡಿದ 'ಪರ್ಪ್ಲೆಕ್ಸ್ ಸಿಟಿ' ಆಟದಲ್ಲಿ 256 ಒಗಟಿನ ಕಾರ್ಡುಗಳಿದ್ದವು. ಕಳೆದುಹೋದ ಒಂದು ಘನವನ್ನು ಹುಡುಕಿದವರಿಗೆ 1,00,000 ಪೌಂಡ್ ಬಹುಮಾನ. 2007ರಲ್ಲಿ ಇಂಗ್ಲೆಂಡಿನ ಒಂದು ಕಾಡಿನಲ್ಲಿ ಅದು ಸಿಕ್ಕಿತು. ಆದ್ರೆ ಒಂದು ಕಾರ್ಡು ರೀಮನ್ ಹೈಪಾಥೆಸಿಸ್ ಬಿಡಿಸಿ ಅಂತ ಕೇಳಿತ್ತು. ಅದನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ, ಎಂ-3 ಪಾಸಾದವರೂ ಸಹ!

ಇನ್ನೊಂದು ಕಾರ್ಡಿನಲ್ಲಿ ಒಬ್ಬ ವ್ಯಕ್ತಿಯ ಫೋಟೋ, ಜಪಾನಿ ಭಾಷೆಯಲ್ಲಿ 'ನನ್ನನ್ನು ಹುಡುಕಿ' ಅನ್ನೋ ಸಾಲು. ಹಿಂದಿನ ಕಟ್ಟಡಗಳನ್ನು ನೋಡಿ, ಫೋಟೋ ತೆಗೆದ ಜಾಗ ಫ್ರಾನ್ಸಿನ ಕೈಸರ್ಸ್‌ಬರ್ಗ್ ಅಂತ ಗುಂಪು ಬೇಗ ಪತ್ತೆ ಮಾಡಿತು. ಮನುಷ್ಯ ಮಾತ್ರ ಸಿಗಲಿಲ್ಲ. ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ, ಮುಖ ಗುರುತಿಸುವ ಸರ್ಚ್ ಎಂಜಿನ್ ಮೂಲಕ. ಆ ವ್ಯಕ್ತಿ ಆಟಕ್ಕೆ ಒಪ್ಪಿಕೊಂಡೇ ಫೋಟೋ ಕೊಟ್ಟಿದ್ದರು, ಸರಿ. ಒಪ್ಪದೇ ಇದ್ದವರನ್ನೂ ಇದೇ ರೀತಿ ಹುಡುಕಬಹುದಲ್ವಾ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದೆ ಹೋಗೋಣ.

ಸೂತ್ರಧಾರನಿಲ್ಲದ ಆಟ

2001ರ ಜುಲೈನಲ್ಲಿ ದಿ ಬೀಸ್ಟ್ ಮುಗಿಯಿತು. ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಕ್ಲೌಡ್‌ಮೇಕರ್ಸ್ ಗುಂಪಿನಲ್ಲಿ ಕೆಲವರು, ನಾವು ಇಷ್ಟು ದೊಡ್ಡ ಒಗಟು ಬಿಡಿಸಿದವರು, ಇದನ್ನೂ ಬಿಡಿಸೋಣ ಅಂತ ಬರೆದರು. ಕೆಲವೇ ದಿನಗಳಲ್ಲಿ ಗುಂಪಿನ ಹಿರಿಯರು ಇದನ್ನು ನಿಲ್ಲಿಸಿದರು: ಇದು ಆಟವಲ್ಲ, ಇಲ್ಲಿ ನಮಗಾಗಿ ಯಾರೂ ಸುಳಿವು ಇಟ್ಟಿಲ್ಲ ಅಂತ. ಗುಂಪಿನ ಜಾಣತನಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಆದ್ರೆ ಎಲ್ಲ ಗುಂಪೂ ಹಾಗೆ ನಿಲ್ಲಲಿಲ್ಲ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದಾಗ ರೆಡಿಟ್‌ನಲ್ಲಿ ಸಾವಿರಾರು ಜನ ಫೋಟೋಗಳನ್ನು ಹಿಡಿದು ಅಪರಾಧಿಯನ್ನು ಹುಡುಕೋಕೆ ಕೂತರು. ಕಾಣೆಯಾಗಿದ್ದ ಒಬ್ಬ ಕಾಲೇಜು ವಿದ್ಯಾರ್ಥಿಯೇ ಆರೋಪಿ ಅಂತ ತೀರ್ಮಾನಕ್ಕೆ ಬಂದರು. ಅವನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮಗ ಎಲ್ಲಿದ್ದಾನೆ ಅಂತ ಹುಡುಕ್ತಿದ್ದ ಮನೆಯವರು ನಿಂದನೆಯ ಫೋನು, ಸಂದೇಶಗಳನ್ನು ಎದುರಿಸಬೇಕಾಯ್ತು. ಆಮೇಲೆ ಅವನ ಶವ ಸಿಕ್ಕಿತು. ರೆಡಿಟ್ ಬಹಿರಂಗವಾಗಿ ಕ್ಷಮೆ ಕೇಳಿತು.

ಅದೇ ಉತ್ಸಾಹ, ಅದೇ ಸಮಾನಾಂತರ ಹುಡುಕಾಟ. ಹಾಗಾದ್ರೆ ತಪ್ಪಿದ್ದೆಲ್ಲಿ? ಎಆರ್‌ಜಿಯಲ್ಲಿ ಉತ್ತರ ಇದ್ದೇ ಇದೆ ಅನ್ನೋ ಖಾತ್ರಿ ಇರುತ್ತೆ, ಯಾಕಂದ್ರೆ ಯಾರೋ ಅದನ್ನು ಇಟ್ಟಿದ್ದಾರೆ. ತಪ್ಪು ಉತ್ತರ ಕೊಟ್ಟರೆ ಬಾಗಿಲು ತೆರೆಯಲ್ಲ. ನಿಜ ಜೀವನದಲ್ಲಿ ಈ ಎರಡೂ ಇಲ್ಲ. ತಪ್ಪು ಉತ್ತರಕ್ಕೂ ಲೈಕ್ ಸಿಗುತ್ತೆ, ಶೇರ್ ಆಗುತ್ತೆ, ಹೆಚ್ಚು ಜನ ನಂಬಿದಷ್ಟೂ ಅದೇ ಸರಿ ಅನ್ನಿಸುತ್ತೆ. ಒಬ್ಬ ಗೇಮ್ ಡಿಸೈನರ್ ತಮ್ಮ ಆಟದಲ್ಲಿ ನಡೆದದ್ದನ್ನು ಹೇಳ್ತಾರೆ: ನೆಲದ ಮೇಲೆ ಸುಮ್ಮನೆ ಬಿದ್ದಿದ್ದ ಮರದ ಚೂರುಗಳು ಆಟಗಾರರಿಗೆ ಬಾಣದ ಗುರುತಿನಂತೆ ಕಂಡವು, ಅದು ತೋರಿಸಿದ ಗೋಡೆಯನ್ನು ಬಿಟ್ಟು ಅವರು ಕದಲಲೇ ಇಲ್ಲ. ಅಲ್ಲಿ ಸೂತ್ರಧಾರ ಬಂದು ದಾರಿ ಸರಿ ಮಾಡಬಹುದು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರು ಬರ್ತಾರೆ?

ಮುಂದಿನ ಫೆಸ್ಟ್‌ನ ಟ್ರೆಷರ್ ಹಂಟ್‌ಗೋ ಸಿಟಿಎಫ್‌ಗೋ ತಂಡ ಕಟ್ಟುವಾಗ ಇವುಗಳಲ್ಲಿ ಕೆಲವನ್ನು ಮಾಡಿ ನೋಡಿ. ಬೇರೆ ಬೇರೆ ಬ್ರಾಂಚಿನವರನ್ನು ಸೇರಿಸಿಕೊಳ್ಳಿ, ಸಿವಿಲ್‌ನವನಿಗೆ ನಕ್ಷೆ ಓದೋಕೆ ಬರುತ್ತೆ. ಸಿಕ್ಕಿದ್ದನ್ನೂ, ಮಾಡಿ ವಿಫಲವಾದದ್ದನ್ನೂ ಒಂದೇ ಕಡೆ ಬರೆದಿಡಿ. ಊಹೆಯನ್ನು ಊಹೆ ಅಂತಲೇ ಬರೀರಿ, ಖಚಿತವಾದ ಮೇಲೆ ಮಾತ್ರ ಉತ್ತರ ಅನ್ನಿ. ಮತ್ತೆ ಒಗಟಿನ ತುದಿಯಲ್ಲಿ ಒಬ್ಬ ನಿಜವಾದ ಮನುಷ್ಯನ ಹೆಸರು ಬಂದರೆ, 'ಫಾರ್ವರ್ಡ್' ಒತ್ತೋ ಮುಂಚೆ ಕೇಳಿಕೊಳ್ಳಿ: ಈ ಸುಳಿವನ್ನು ಇಲ್ಲಿ ಯಾರಾದರೂ ನಮಗಾಗಿ ಇಟ್ಟಿದ್ರಾ?