ಪೆರುವಿನ ಬೆಟ್ಟ, ತಾಳಗುಂದದ ಕಂಬ

ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂದರ್ಶನ. ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳೆಲ್ಲ ಮುಗಿದಿದ್ದವು. ನನ್ನ ಅರ್ಜಿ ತಿರುವಿ ಹಾಕುತ್ತಿದ್ದ ಹಿರಿಯರೊಬ್ಬರು ‘ಹವ್ಯಾಸ’ ಎಂಬಲ್ಲಿ ಕಣ್ಣು ನಿಲ್ಲಿಸಿದರು. ಎಲ್ಲರಂತೆ ನಾನೂ ಅಲ್ಲಿ ‘ಪ್ರವಾಸ’ ಎಂದು ಬರೆದಿದ್ದೆ. ‘ನಿಮ್ಮೂರು ಶಿಕಾರಿಪುರದ ಹತ್ತಿರ ಅಲ್ವಾ? ಅಲ್ಲಿಗೆ ಬಂದರೆ ನಾನು ಏನು ನೋಡಬೇಕು ಹೇಳಿ’ ಎಂದರು.

ಬಾಯಿಗೆ ಬಂದದ್ದು ‘ಜೋಗ ಸರ್.’

‘ಅದು ಸಾಗರ ತಾಲ್ಲೂಕು ಅಲ್ವೇನ್ರೀ?’ ಎಂದು ನಕ್ಕು ಕಡತ ಮುಚ್ಚಿದರು. ಕೆಲಸ ಸಿಗಲಿಲ್ಲ. ಸಿಗದಿರಲು ಬೇರೆ ಕಾರಣಗಳೂ ಇದ್ದಿರಬಹುದು, ಪಾಪ ಜೋಗದ ಮೇಲೆ ಹಾಕುವುದು ಬೇಡ. ಆದರೆ ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವಾಗ ಸೋತದ್ದಕ್ಕಿಂತ ಆ ನಗುವೇ ಹೆಚ್ಚು ಚುಚ್ಚುತ್ತಿತ್ತು.

ನನ್ನ ಮೊಬೈಲಿನಲ್ಲಿ ‘ಸಾಯುವುದರೊಳಗೆ ನೋಡಬೇಕಾದ ಜಾಗಗಳು’ ಎಂಬ ಪಟ್ಟಿ ಇತ್ತು. ಮೊದಲನೆಯದು ಪೆರುವಿನ ಮಾಚು ಪಿಚು, ಎರಡನೆಯದು ಜೋರ್ಡಾನಿನ ಪೆಟ್ರಾ, ಮೂರನೆಯದು ಈಜಿಪ್ಟಿನ ಅಬು ಸಿಂಬೆಲ್. ಎಲ್ಲವೂ ಯುನೆಸ್ಕೊ ವಿಶ್ವ ಪರಂಪರೆ ತಾಣಗಳು. ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಪೆರುವಿಗೆ ಹೋಗುವ ಮಾತಿರಲಿ, ಪೆಟ್ರೋಲಿಗೂ ಅಪ್ಪನ ಮುಖ ನೋಡಬೇಕಾದ ಕಾಲವದು. ಆದರೂ ಮಾಚು ಪಿಚುವಿಗೆ ಯಾವ ಸಮಯಕ್ಕೆ ಟಿಕೆಟ್, ಯಾವ ದಾರಿಯಲ್ಲಿ ಹತ್ತಿ ಯಾವ ದಾರಿಯಲ್ಲಿ ಇಳಿಯಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯಲ್ಲಿ ‘ತಾಳಗುಂದ ಶಾಸನ ಬರೆದ ಕವಿ ಯಾರು?’ ಎಂಬ ಪ್ರಶ್ನೆಗೆ ‘ಕುಬ್ಜ’ ಎಂದು ಗುರುತು ಹಾಕಿ ಒಂದು ಅಂಕ ಗಳಿಸಿದ್ದೂ ಇದೇ ನಾನೇ. ತಾಳಗುಂದ ನಮ್ಮ ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಒಮ್ಮೆಯೂ ಹೋಗಿರಲಿಲ್ಲ.

‘ಅಣ್ಣ, ಈ ಭಾನುವಾರ ಹೋಗಿ ಬರೋಣ’ ಎಂದಳು ತಂಗಿ. ಬಿ.ಎ. ಕೊನೆಯ ವರ್ಷ, ಇತಿಹಾಸ ಅವಳ ವಿಷಯ. ಆಷಾಢದ ಮಳೆಯಲ್ಲಿ ಇಬ್ಬರೂ ರೇನ್‌ಕೋಟ್ ಹಾಕಿಕೊಂಡು ಹೊರಟೆವು. ‘ಅಲ್ಲೇನೈತಿ ಅಂತ ಹೊಂಟೀರೋ ಈ ಮಳ್ಯಾಗ?’ ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಇಬ್ಬರಲ್ಲೂ ಸರಿಯಾದ ಉತ್ತರ ಇರಲಿಲ್ಲ.

ತಾಳಗುಂದದ ಪ್ರಣವೇಶ್ವರ ಗುಡಿ ದೊಡ್ಡದೇನಲ್ಲ. ಬೇಲೂರು, ಹಳೇಬೀಡು ಕಂಡ ಕಣ್ಣಿಗೆ ಬರಿಯ ಕಲ್ಲಿನ ಕೋಣೆಯಂತೆ ಕಾಣುತ್ತದೆ. ಎದುರಿಗೆ ಕಂಬ. ಅದರ ಮೇಲಿನ ಅಕ್ಷರಗಳು ನಾವು ಓದುವಂತೆ ಎಡದಿಂದ ಬಲಕ್ಕೆ ಹರಿಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅಂದರೆ ಓದುವವನು ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನಿಧಾನಕ್ಕೆ ಎದ್ದು, ಕೊನೆಗೆ ಕತ್ತೆತ್ತಿ ನಿಲ್ಲಬೇಕು. ನಾವಿಬ್ಬರೂ ಹಾಗೇ ಮಾಡಿ ನೋಡಿದೆವು. ಲಿಪಿ ಬಾರದು, ಭಾಷೆ ಸಂಸ್ಕೃತ. ಆದರೂ ಬೆರಳು ತಾಗಿಸದೆ ಅಕ್ಷರದ ಹಿಂದೆ ಕಣ್ಣು ಓಡಿಸುವುದರಲ್ಲಿ ಏನೋ ಸುಖವಿತ್ತು.

ಇದು ಐದನೇ ಶತಮಾನದ್ದು, ಕದಂಬರ ಶಾಂತಿವರ್ಮನ ಕಾಲದಲ್ಲಿ ಬರೆಸಿದ್ದು. ಒಳಗಿರುವ ಕಥೆ ನಮ್ಮಂಥವರದ್ದೇ. ಮಯೂರಶರ್ಮ ಎಂಬ ಹುಡುಗ ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋಗುತ್ತಾನೆ. ಆ ಕಾಲದಲ್ಲಿ ದೊಡ್ಡ ಓದು ಓದಬೇಕೆಂದರೆ ಪಲ್ಲವರ ಕಂಚಿಯ ಘಟಿಕೆಗೇ ಹೋಗಬೇಕಿತ್ತು, ಈಗ ನಾವು ಕೋಚಿಂಗಿಗೆ ಬೆಂಗಳೂರು, ಧಾರವಾಡ ಎಂದು ಹೊರಡುವಂತೆ. ಅಲ್ಲಿ ಪಲ್ಲವರ ಕುದುರೆ ಪಡೆಯವರೊಡನೆ ಜಗಳವಾಗುತ್ತದೆ. ಅವಮಾನದಿಂದ ಕುದಿದವನು ಓದು ಬಿಟ್ಟು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು, ಶ್ರೀಪರ್ವತದ ಕಾಡು ಸೇರಿ, ಪಲ್ಲವರನ್ನೇ ಕಾಡಿ ಕೊನೆಗೆ ರಾಜನಾಗುತ್ತಾನೆ. ಕನ್ನಡ ನಾಡಿನ ಮೊದಲ ರಾಜಮನೆತನ ಹುಟ್ಟಿದ್ದು ಹೀಗೆ. ಸಂದರ್ಶನದಲ್ಲಿ ನಕ್ಕವರ ಮೇಲೆ ಸಿಟ್ಟಿದ್ದ ನನಗೆ ಈ ಕಥೆ ತುಸು ಹೆಚ್ಚೇ ಹಿಡಿಸಿತು ಎನ್ನಬೇಕು. ‘ನೀನೂ ಕಾಡಿಗೆ ಹೋಗ್ತೀಯೇನೋ?’ ಎಂದು ತಂಗಿ ಕಿಚಾಯಿಸಿದಳು.

ಆದರೆ ಕಂಬ ನೆಟ್ಟದ್ದು ಆ ಜಗಳವನ್ನು ಹೊಗಳಲು ಅಲ್ಲ. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಈ ಗುಡಿಯ ಬಳಿ ಒಂದು ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲು ಈ ಕಂಬ. ಯುದ್ಧ, ವಂಶ, ಪರಾಕ್ರಮ ಎಲ್ಲ ಪೀಠಿಕೆ. ವಿಷಯ ಮಾತ್ರ ಕೆರೆ. ಶಿಕಾರಿಪುರ, ಸೊರಬ ಎಂದರೆ ಕೆರೆಗಳ ಸೀಮೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಅಪ್ಪನಿಗೆ ಇದನ್ನು ಹೇಳಿದಾಗ ಮಯೂರಶರ್ಮನ ಬಗ್ಗೆ ಅವರು ಏನೂ ಕೇಳಲಿಲ್ಲ. ‘ಆ ಕೆರಿ ತೂಬು ಯಾವ ದಿಕ್ಕಿಗೈತಿ?’ ಎಂದು ಕೇಳಿದರು.

ಇದೇ ಜಾಗದಲ್ಲಿ 2013-14ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಸಿಂಹಕಟಾಂಜನದ ಮೇಲಿನ ಬರಹ ಸಿಕ್ಕಿತು. ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂಬ ವಾದವಿದೆ. ಒಪ್ಪದ ವಿದ್ವಾಂಸರೂ ಇದ್ದಾರೆ. ಪರೀಕ್ಷೆ ಬರೆಯುವವರು ಯಾವ ಉತ್ತರಕ್ಕೆ ಅಂಕ ಕೊಡುತ್ತಾರೆ ಎಂದು ನೋಡಿಕೊಂಡು ಗುರುತು ಹಾಕುವುದು ಕ್ಷೇಮ!

ಅಲ್ಲಿಂದ ಬಳ್ಳಿಗಾವೆ. ಶಿರಾಳಕೊಪ್ಪದ ಸಂತೆಗೆ ಸಾವಿರ ಸಲ ಬಂದವನು ಪಕ್ಕದ ಈ ಊರಿನೊಳಗೆ ಗುಡಿ ನೋಡಲೆಂದು ಕಾಲಿಟ್ಟದ್ದು ಅಪರೂಪ. ಅಲ್ಲಮನ ಊರು ಇದು. ಗಂಡಭೇರುಂಡದ ಕಂಬ 1047ರಲ್ಲಿ ನಿಂತದ್ದು. ಚಾಲುಕ್ಯ ಸೋಮೇಶ್ವರನ ಕಾಲದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ. ಮೇಲಿರುವುದು ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸರ್ಕಾರಿ ನೇಮಕಾತಿ ಪತ್ರದ ತಲೆಯ ಮೇಲೆ ಇರುವ ಲಾಂಛನವೂ ಗಂಡಭೇರುಂಡವೇ. ಆ ಪತ್ರಕ್ಕಾಗಿ ವರ್ಷಗಟ್ಟಲೆ ಕಾಯುವ ನಮ್ಮಂಥವರು ಈ ಕಂಬದ ಕೆಳಗೆ ಒಂದು ಸೆಲ್ಫಿ ತೆಗೆದುಕೊಂಡರೆ ತಪ್ಪಿಲ್ಲ.

ಕೇದಾರೇಶ್ವರ ಗುಡಿಯ ಕೆತ್ತನೆಯನ್ನು ವರ್ಣಿಸಲು ನನಗೆ ಬಾರದು. ನನ್ನನ್ನು ಹಿಡಿದದ್ದು ತಂಗಿ ಹೇಳಿದ ಕೋಡಿಯ ಮಠದ ವಿಷಯ. ಅದು ಈ ಗುಡಿಗೆ ಸೇರಿದ ಕಾಳಾಮುಖರ ಮಠ. 1162ರ ಶಾಸನವೊಂದು ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ನಾಲ್ಕು ವೇದ, ವ್ಯಾಕರಣದ ಹಲವು ಪದ್ಧತಿಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಕಾವ್ಯ, ನಾಟಕ ಎಲ್ಲದರ ಪಾಠ. ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರು, ಹಾಡುವವರು, ಕುಣಿಯುವವರು, ಜೈನ ಸನ್ಯಾಸಿಗಳು, ಹೀಗೆ ಬಂದವರಿಗೆಲ್ಲ ಊಟ. ರೋಗಿಗಳಿಗೆ ಮದ್ದು. ಕಾಲೇಜು, ಹಾಸ್ಟೆಲ್, ಆಸ್ಪತ್ರೆ, ಎಲ್ಲ ಒಂದೇ ಆವರಣದಲ್ಲಿ, ಶಿರಾಳಕೊಪ್ಪದ ಪಕ್ಕದಲ್ಲಿ! ಡಿಗ್ರಿಗೆಂದು ದಿನವೂ ಬಸ್ಸಿನ ಬಾಗಿಲಲ್ಲಿ ನೇತಾಡಿದ ನಾನು ಅದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಇಂಥ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೇ ಸಂಪುಟದಲ್ಲಿ (1902) ಶಿಕಾರಿಪುರ, 8ನೇ ಸಂಪುಟದಲ್ಲಿ (1904) ಸೊರಬ ಸಿಗುತ್ತದೆ. ತಾಳಗುಂದದ ಕಂಬ ಅದರಲ್ಲಿ ಶಿಕಾರಿಪುರ 176ನೇ ಸಂಖ್ಯೆ. ನಮ್ಮ ಊರಿನ ಹೆಸರು ಸಿಗುತ್ತದೆಯೇ ಎಂದು ಹುಡುಕುತ್ತ ಕೂತರೆ ಮಧ್ಯಾಹ್ನ ಹೋದದ್ದೇ ತಿಳಿಯುವುದಿಲ್ಲ.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿ. ಅದೇ ದಿನ ಮತ್ತೊಂದು ಗುಡಿಗೆ ಹೋದೆವು. ಯಾವುದೆಂದು ಬರೆಯುವುದಿಲ್ಲ. ಎಂಟನೇ ತರಗತಿಯಲ್ಲಿ ಅಲ್ಲಿಗೆ ಶಾಲೆಯಿಂದ ಹೊರಸಂಚಾರ ಹೋಗಿದ್ದೆವು. ಎಲ್ಲರೂ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ನಾನು ಜಾಮಿಟ್ರಿ ಬಾಕ್ಸಿನ ಕೈವಾರದ ಮೊನೆಯಿಂದ ಹಿಂದಿನ ಗೋಡೆಯ ಮೇಲೆ ಹೆಸರು ಗೀಚಿದ್ದೆ. ಮರೆತೇ ಹೋಗಿತ್ತು. ಗುಡಿ ಸುತ್ತುವಾಗ ಕಾಲು ತಾನಾಗಿ ಆ ಮೂಲೆಗೆ ಹೋಯಿತು. ಇತ್ತು. ಸಾಣೆಕಲ್ಲಿನಂಥ ನುಣುಪು ಕಲ್ಲಿನ ಮೇಲೆ ನನ್ನ ಹೆಸರಿನ ಮೂರು ಅಕ್ಷರ, ಪಕ್ಕದಲ್ಲಿ ಇನ್ನೂ ಹತ್ತಾರು ಹೆಸರು, ಎರಡು ಬಾಣ ಚುಚ್ಚಿದ ಹೃದಯ. ತಂಗಿ ನೋಡಿದಳು, ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಾವಲಿನವರ ಬಳಿ ಹೋಗಿ, ‘ಇದನ್ನ ಅಳಿಸೋಕೆ ಬರ್ತದಾ?’ ಎಂದು ಕೇಳಿದೆ. ನಾನೇ ಬರೆದದ್ದು ಎಂದೂ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಉಜ್ಜಬ್ಯಾಡ್ರಿ ಮತ್ತ. ಉಜ್ಜಿದ್ರ ಕಲ್ಲೂ ಹೋಗ್ತದ. ಬರ್ದಿದ್ದು ಬರ್ದಂಗ ಇರ್ತದ’ ಎಂದರು. ಕಾನೂನಿನ ಪ್ರಕಾರ ರಕ್ಷಿತ ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ನಾಲ್ವರು ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಅವರಿಂದಲೇ ಕಂಬ ಎತ್ತಿ ನಿಲ್ಲಿಸಿತು. ಆ ವಿಡಿಯೊ ನೋಡಿ ‘ಇಂಥವರಿಗೆ ಸರಿಯಾಗಿ ಮಾಡಬೇಕು’ ಎಂದು ಕಮೆಂಟ್ ಹಾಕಿದವರಲ್ಲಿ ನಾನೂ ಇದ್ದೆ.

ಬಂದಳಿಕೆಗೆ ಹೋದಾಗ ಮಳೆ ನಿಂತಿತ್ತು. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ, ಎಲ್ಲ ಹಸಿರಿನ ನಡುವೆ ಚೆದುರಿಕೊಂಡಿವೆ. ತಂಗಿ ಇಲ್ಲಿಗೆ ಬಂದದ್ದು ಜಕ್ಕಿಯಬ್ಬೆಗಾಗಿ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಆರಂಭ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡಾಗ ಆ ಅಧಿಕಾರವನ್ನು ಜಕ್ಕಿಯಬ್ಬೆಗೆ ಕೊಟ್ಟರು. ಹೆಣ್ಣಾದರೂ ಚೆನ್ನಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. (‘ಆ “ಹೆಣ್ಣಾದರೂ” ಸಾವಿರ ವರ್ಷ ಆದ್ರೂ ಹೋಗಿಲ್ಲ ನೋಡು’ ಎಂದಳು ತಂಗಿ.) ಮುಂದೆ ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ಒಪ್ಪಿಸಿ, ಇದೇ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ತಂಗಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ. ಬಸದಿಯ ಮೆಟ್ಟಿಲ ಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದಳು. ನಾನು ಎಬ್ಬಿಸಲಿಲ್ಲ.

ಮುಂದಿನ ಭಾನುವಾರ ಸೊರಬದ ಕಡೆ. ಆನವಟ್ಟಿ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರ ಗುಡಿಯ ಕಂಬಗಳು ಮುಖ ಕಾಣುವಷ್ಟು ನಯ. ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಕೈಮುಗಿದೆವು, ಮೋಡ ಕವಿದಿದ್ದರಿಂದ ಕೋಟೆ ಹತ್ತಲಿಲ್ಲ. ಗುಡವಿಯಲ್ಲಿ ಮಾತ್ರ ಕಾಲು ಕೀಳಲಾಗಲಿಲ್ಲ. ಒಂದು ಚದರ ಕಿಲೋಮೀಟರೂ ಇಲ್ಲದ ಪಕ್ಷಿಧಾಮ, ನೀರಿನಲ್ಲಿ ನಿಂತ ಮರಗಳು, ಮರದ ತುಂಬ ಬಿಳಿ ಕೆಂಬರಲುಗಳ ಗೂಡು, ಗದ್ದಲವೋ ಗದ್ದಲ. ನಮ್ಮ ಜಿಲ್ಲೆಯ ಆಗುಂಬೆಯ ಕಾಡು 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆ ಪಟ್ಟಿ ಸೇರಿದೆ. ಗುಡವಿ ಸೇರಿಲ್ಲ. ಹಕ್ಕಿಗಳಿಗೆ ಆ ಬಗ್ಗೆ ಬೇಸರವಿದ್ದಂತೆ ಕಾಣಲಿಲ್ಲ.

ಪಟ್ಟಿ ಎಂದಾಗ ಅತ್ತೆಯ ವಿಷಯ ಹೇಳಬೇಕು. ಅಪ್ಪನ ತಂಗಿ, ರಕ್ಷಿತ ಸ್ಮಾರಕವೊಂದರ ಮಗ್ಗುಲಲ್ಲೇ ಮನೆ. ಎರಡನೇ ಭಾನುವಾರ ವಾಪಸಾಗುವಾಗ ಅವರಲ್ಲಿಗೆ ಹೋದೆವು. ಹಿಂದಿನ ಮಳೆಗಾಲಕ್ಕೆ ಹಿತ್ತಿಲ ಮಣ್ಣಿನ ಗೋಡೆ ಕುಸಿದಿತ್ತು, ಅಲ್ಲಿ ಟಾರ್ಪಾಲು ಕಟ್ಟಿದ್ದರು. ನಾನು ಖುಷಿಯಲ್ಲಿ ಗುಡಿ, ಶಾಸನ, ಪರಂಪರೆ ಎಂದು ಹೇಳುತ್ತಲೇ ಇದ್ದೆ. ಅತ್ತೆ ಚಹಾ ಇಟ್ಟು ಹೇಳಿದರು: ‘ಆ ದೇವ್ರ ಮನಿ ಸೋರಿದ್ರ ದಿಲ್ಲಿಯಿಂದ ರೊಕ್ಕ ಬರ್ತೈತಿ. ನಮ್ಮನಿ ಸೋರಿದ್ರ ನಾವೇ ಕಟ್ಟಂಗಿಲ್ಲ ಅಂತಾರಲ್ಲೋ.’

ಅಬು ಸಿಂಬೆಲ್ ನೆನಪಾಯಿತು. ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗಬೇಕಿದ್ದ ಆ ಗುಡಿಗಳನ್ನು 1960ರ ದಶಕದಲ್ಲಿ ಕತ್ತರಿಸಿ, ಎತ್ತರದ ಜಾಗಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ದೇಶ ದೇಶಗಳು ಹಣ ಕೊಟ್ಟವು. 1972ರ ವಿಶ್ವ ಪರಂಪರೆ ಒಪ್ಪಂದಕ್ಕೆ ದಾರಿ ಮಾಡಿದ್ದೇ ಆ ಕೆಲಸ. ಅದೇ ನೀರಿನಲ್ಲಿ ಸಾವಿರಾರು ನೂಬಿಯನ್ನರ ಊರುಗಳೂ ಮುಳುಗಿದವು ಎಂಬುದನ್ನು ನಾನು ಓದಿಯೂ ಗಮನಿಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಗುಡಿ ಇತ್ತು, ಊರುಗಳಿರಲಿಲ್ಲ.

ರಾತ್ರಿ ಅತ್ತೆಯ ಮನೆಯಲ್ಲೇ ಕೂತು ಕಾನೂನು ಓದಿದೆ. ಪರೀಕ್ಷೆಗೆ ಓದಿದ್ದು ಒಂದು ಕೆಲಸಕ್ಕಾದರೂ ಬರಲಿ! 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ ಇದ್ದ ಹಳೆಯ ಮನೆಯ ದುರಸ್ತಿಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅನುಮತಿ ಕೇಳಬಹುದು. ‘ಕಟ್ಟಂಗಿಲ್ಲ’ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದಿತ್ತು, ‘ಕೇಳಬಹುದು’ ಎಂಬುದು ಬಿದ್ದಿರಲಿಲ್ಲ. ಗೋಡೆಯ ಅಳತೆ ತೆಗೆದೆವು. ತಂಗಿ ಟೇಪು ಹಿಡಿದಳು, ನಾನು ಫೋಟೊ ತೆಗೆದೆ. ಮನೆಯ ಕಾಗದಪತ್ರ ಹುಡುಕಲು ಎರಡು ದಿನ, ಅರ್ಜಿ ತುಂಬಿಸಲು ಒಂದು ದಿನ ಹಿಡಿಯಿತು. ಕೆಲಸಕ್ಕಾಗಿ ಈವರೆಗೆ ನಾನು ತುಂಬಿದ ಯಾವ ಅರ್ಜಿಯನ್ನೂ ಇಷ್ಟು ಸಲ ತಿದ್ದಿರಲಿಲ್ಲ.

ಅರ್ಜಿ ಹೋಗಿ ಐದು ವಾರವಾಯಿತು. ಸ್ವೀಕೃತಿಯ ಪ್ರತಿಯನ್ನು ಅತ್ತೆ ದೇವರ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ವಾರಕ್ಕೊಮ್ಮೆ ಫೋನ್ ಮಾಡಿ, ‘ಏನಾರ ಬಂತೇನೋ?’ ಎನ್ನುತ್ತಾರೆ. ಅಕ್ಕಪಕ್ಕದ ಇನ್ನೂ ಮೂರು ಮನೆಯವರು ಕಾಗದಪತ್ರ ತೆಗೆದಿಟ್ಟುಕೊಂಡು ಕಾದಿದ್ದಾರಂತೆ. ಈ ಭಾನುವಾರ ಟೇಪು ತಗೊಂಡು ಮತ್ತೆ ಹೋಗಬೇಕು.